ಏಳು ದಿನ ಬಾಕಿ

ಇಲ್ಲ, ಇವತ್ತು ಆಗುವುದಿಲ್ಲ.
ನಿನ್ನ ಹಳದಿ ಪುಸ್ತಕದಲ್ಲಿ ಠಸ್ಸೆ ಇದೆ, ಸಹಿ ಇದೆ,
ತಾರೀಖು ಮಾತ್ರ ಇನ್ನೂ ಹಸಿ.
ಸೂಜಿ ಚುಚ್ಚಿಸಿಕೊಂಡು ಮೂರೇ ದಿನ.
ಹಳದಿ ಜ್ವರದ ಲಸಿಕೆ ಮೈಗೆ ಹತ್ತಲು ಹತ್ತು ದಿನ ಬೇಕು;
ಅದು ನನ್ನ ಕಾನೂನಲ್ಲ, ರಕ್ತದ್ದು.
ರಕ್ತಕ್ಕೆ ಲಂಚ ಕೊಟ್ಟವರನ್ನು
ಈ ರೋಸೊ ಕಡವಿನಲ್ಲಿ ನಾನಿನ್ನೂ ಕಂಡಿಲ್ಲ.

ಕೂತುಕೋ. ಸೈಕಲ್ಲನ್ನು ಆ ಈರುಳ್ಳಿ ಮೂಟೆಗೆ ಒರಗಿಸು.
ಹೋಗುವ ದೋಣಿ ಹೋಗಲಿ.
ಲಾರಿ ಎರಡು, ಕುರಿ ನಲವತ್ತು,
ತಲೆಯ ಮೇಲೆ ಹಾಸಿಗೆ ಹೊತ್ತ ಒಬ್ಬ ಮದುವೆಗಂಡು,
ಹೊರಟೇಬಿಟ್ಟರು ನೋಡು.

ನನ್ನ ಹೆಸರು ಪೆಂಡಾ. ಈ ತಗಡಿನ ಚಪ್ಪರದಡಿ
ಹನ್ನೊಂದು ವರ್ಷದಿಂದ ಜನರ ತೋಳನ್ನಲ್ಲ,
ತೋಳಿನ ಬಗ್ಗೆ ಬರೆದ ಕಾಗದವನ್ನು ನೋಡುತ್ತಿದ್ದೇನೆ.
ಏಳು ದಿನ ಇದೆಯಲ್ಲ, ಉಳಿದದ್ದನ್ನೂ ಕೇಳಿಸಿಕೋ.

ಪಾಸ್‌ಪೋರ್ಟಿಗೆ ಆರು ತಿಂಗಳ ಆಯಸ್ಸಾದರೂ ಉಳಿದಿರಲಿ;
ಸಾವು ಹತ್ತಿರ ಬಂದ ಪುಸ್ತಕ ಆಚೆ ದಡದವರಿಗೆ ಆಗದು.
ಖಾಲಿ ಹಾಳೆ ಎರಡು.
ವೀಸಾದ ನಿಯಮ ನಿದ್ದೆಗೆಟ್ಟವರ ಹಾಗೆ ಮಗ್ಗುಲು ಬದಲಿಸುತ್ತಿರುತ್ತದೆ,
ಹೊರಡುವ ಹಿಂದಿನ ದಿನವೂ ಕೇಳು.
ಕಸುಬು ಕೇಳಿದರೆ ಮೇಷ್ಟ್ರು ಅನ್ನು, ಅಷ್ಟೇ.
ಡೈರಿ ಬರೆಯುವ ಸುದ್ದಿ ತೆಗೆದೆಯೋ
ಮಧ್ಯಾಹ್ನವೆಲ್ಲ ಆ ಬೆಂಚಿನ ಮೇಲೆ.

ಸಮವಸ್ತ್ರ ಕಂಡಲ್ಲಿ ಕ್ಯಾಮೆರಾ ಒಳಗೆ.
ಕಟ್ಟುತ್ತಿರುವ ಸೇತುವೆಯ ಕಂಬಗಳೂ ಸಮವಸ್ತ್ರವೇ ಅಂದುಕೋ.
ದುಡ್ಡು ಬದಲಿಸುವ ಹುಡುಗರು ಹೆಸರು ಹಿಡಿದು ಕೂಗುತ್ತಾರೆ;
ಚೀಲದ ಮೇಲಿನ ಚೀಟಿ ಓದಿದ್ದಾರೆ, ನೆಂಟರಲ್ಲ.
ಅವರಲ್ಲಿ ಉದ್ದನೆಯವನು ದೆಂಬಾ, ನನ್ನ ತಮ್ಮನ ಮಗ.
ಅವನ ಹತ್ತಿರವೂ ಬದಲಿಸಬೇಡ.

ನದಿಯನ್ನು ನೋಡು, ಇಳಿಯಬೇಡ.
ಬಸವನಹುಳುವಿನ ಹೊಟ್ಟೆಯಿಂದ ಬರುವ ಕಣ್ಣಿಗೆ ಕಾಣದ್ದೊಂದು
ಚರ್ಮ ತೂರಿ ಒಳಗೆ ಬರುತ್ತದೆ, ವೀಸಾ ಇಲ್ಲದೆ.
ನಾನು ಈಜಿದ್ದೇನಾ?
ನಾವೆಲ್ಲ ಈಜಿದ್ದೇವೆ. ಅದಕ್ಕೇ ಹೇಳುತ್ತಿದ್ದೇನೆ.

ಕತ್ತಲಾದ ಮೇಲೆ ಸೈಕಲ್ ಬೇಡ. ಒಂಟೆಗೆ ದೀಪವಿಲ್ಲ.
ನೀರು, ಮುಚ್ಚಳ ಕಿರ್ರೆಂದರೆ ಮಾತ್ರ.
ಚಹಾ ಕೊಟ್ಟರೆ ಮೂರೂ ಲೋಟ ಕುಡಿ;
ಒಂದಕ್ಕೇ ಎದ್ದುಹೋದವನು ದಾರಿ ತಪ್ಪಿದರೆ
ಹುಡುಕಲು ಯಾರೂ ಚಪ್ಪಲಿ ಮೆಟ್ಟುವುದಿಲ್ಲ.
ಇದು ನಿನ್ನ ಸರ್ಕಾರದ ಸೂಚನೆಯಲ್ಲಿ ಇರಲಿಕ್ಕಿಲ್ಲ.

ಮತ್ತೆ, ನಕಲು.
ಪಾಸ್‌ಪೋರ್ಟಿನ ನಕಲು ಮೂರು ಮಾಡಿಸು.
ಒಂದು ಚೀಲದಲ್ಲಿ, ಒಂದು ಮೈಮೇಲೆ,
ಒಂದು ಬೇರೆಯವರ ಮನೆಯಲ್ಲಿ.
ಅಪ್ಪನಿಗೆ ಯಾರೂ ಹೇಳಿರಲಿಲ್ಲ.
ಎಂಬತ್ತೊಂಬತ್ತರಲ್ಲಿ ಆಚೆ ದಡದಿಂದ ನಮ್ಮವರನ್ನು ಅಟ್ಟಿದರಲ್ಲ,
ಆಗ ಒಬ್ಬ ಸಿಪಾಯಿ ಅವನ ಗುರುತಿನ ಚೀಟಿ ಇಸಿದುಕೊಂಡು
ನಿಧಾನವಾಗಿ, ಕೋಳಿಗೆ ಕಾಳು ಹಾಕುವವನ ಹಾಗೆ,
ಹರಿದು ಹರಿದು ನೀರಿಗೆ ಹಾಕಿದ.
ನನಗೆ ಆರು ವರ್ಷ. ಚೂರುಗಳು ಮುಳುಗಲಿಲ್ಲ,
ಅಷ್ಟು ನೆನಪು.
ಹುಟ್ಟಿದ ಊರಿನಿಂದ ಅಪ್ಪ ವಿದೇಶಕ್ಕೆ ಬಂದದ್ದು ಹೀಗೆ.
ಪ್ರವೇಶಕ್ಕೆ ಬೇಕಾದದ್ದು: ಒಂದು ಬಲೆ, ಐದು ಮಕ್ಕಳು.
ಉಳಿದ ಕಾಗದವೆಂದರೆ
ಮೂರು ಹಸುವಿಗೆ ಕಂದಾಯ ಕಟ್ಟಿದ ರಸೀದಿ.
ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು
ಈಗಲೂ ಕೇಳುತ್ತಾನೆ, ಬೆಳಗಿನ ದೋಣಿ ಎಷ್ಟು ಗಂಟೆಗೆ?
ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವವರು
ಒಂದೇ ಸಲ ದಾಟಿದವರು.

ಹೊತ್ತಾಯಿತು, ಏಳು.
ಅತ್ತಿಗೆ ಕುಂಬಾಳ ಮನೆಯಲ್ಲಿ ಚಾಪೆ ಇದೆ,
ಸೊಳ್ಳೆಪರದೆಗೆ ಎರಡೇ ತೂತು, ಸೂಜಿದಾರ ಕೊಡುತ್ತಾಳೆ.
ಬರುವ ಗುರುವಾರ ಬಾ.
ಇದೇ ಪುಸ್ತಕ ತಾ. ಇದೇ ಮುಖ ತಾ;
ಗಡ್ಡ ಬಿಡಬೇಡ, ಫೋಟೋದಲ್ಲಿ ಇಲ್ಲ.
ಅರ್ಜಿ ತುಂಬಲು ಪೆನ್ನು ನಿನ್ನದೇ ತಾ.
ನನ್ನ ಪೆನ್ನುಗಳೆಲ್ಲ
ಆಚೆ ದಡದಲ್ಲಿವೆ.