ಮ್ಯಾಲಿನ ಮಜಲು

ತನ್ನ ಗಾಲಿಮ್ಯಾಲ ಬರಲಿಲ್ಲ ಅದು.
ಟ್ರೇಲರಿನ ಬೆನ್ನಮ್ಯಾಲ ಹಗ್ಗ ಬಿಗಿಸಿಕೊಂಡು
ಮುಂಬೈಯಿಂದ ಬಂತು ಸೊಲ್ಲಾಪುರಕ್ಕ,
ದವಾಖಾನಿಗೆ ಹೊಂಟ ಮುದುಕನ ಹಾಂಗ.
ರೇಲ್ವೆ ಸೇತುವೆ ಕೆಳಗ ನಾಕು ಬೆರಳು ಜಾಗ ಕಡಿಮಿ ಬಿತ್ತು.
ಟ್ರೇಲರಿನ ಗಾಳಿ ಬಿಟ್ಟು ದಾಟಿಸಿದಿವಿ.
ಬೀಡಿ ಕಟ್ಟಿ ಬರೂ ಹೆಣಮಕ್ಕಳು ಸೆರಗು ಕಚ್ಚಿ ನಿಂತರು:
"ಮನಿಮ್ಯಾಲ ಮನಿ! ಅಡಗಿ ಎಲ್ಲಿ ಮಾಡತಾರ?"

ನಾ ಗ್ಯಾಸ್ ಕಟರ್. ಅಕ್ಕಲಕೋಟ ರೋಡಿನಾಗ
ಬೆಂಕಿ ಹಿಡಿದು ಹದಿನಾರು ವರ್ಷ.
ಬಂಗಾರದ ಬಕ್ಕ ಹೊಟ್ಟಿ ಸೀಳಿದರ ಭಂಗಾರ,
ಅಷ್ಟೇ ನನ್ನ ವಿದ್ಯಾ.
ಕೊಯ್ಯೂಮುಂದ ಹೆಸರು ಕೇಳಂಗಿಲ್ಲ.

ವಾಗ್ದರಿಯಿಂದ ರೇವಣಸಿದ್ಧ ಹತ್ತುರೆ ಬಂದ,
ಮುಂಬೈ ಡಿಪೋದಾಗ ಮೂವತ್ತೊಂದು ವರ್ಷ ಫಿಟ್ಟರು.
ಯಾರು ಹೇಳಿದರೋ, ಮುಂಜಾನಿ ಎಸ್.ಟಿ. ಹಿಡಿದು ಬಂದಿದ್ದ,
ಕೈಯಾಗ ಬುತ್ತಿ.
"ತಡಿ, ಹಚ್ಚಬ್ಯಾಡ. ಇದರ ಕುಲ ಹೇಳತೀನಿ ಕೇಳು.

ಇದರ ಮುತ್ಯಾಂದು ಅರ್ಧ ಮಾರಿ.
ಒಂದು ಕಡಿ ಎಂಜಿನ್ನು, ಒಂದು ಕಡಿ ಡ್ರೈವರನ ಗೂಡು.
ಗೂಡಿನಾಗ ಒಬ್ಬನೇ, ಮಾತಿಲ್ಲ ಕತಿಯಿಲ್ಲ.
ಗಂಟಿ ಒಂದು ಬಡಿದರ ನಿಲ್ಲು, ಎರಡು ಬಡಿದರ ನಡಿ,
ಅವಗ ತಿಳಿದ ಮಂದಿ ಭಾಷಾ ಅಷ್ಟೇ.

ಅಪ್ಪಗ ಲಾರಿ ತಲಿ. ತಲಿ ಬ್ಯಾರೆ, ಮೈ ಬ್ಯಾರೆ.
ತಿರುವಿನಾಗ ತಲಿ ದಾದರ ಮುಟ್ಟಿದರ
ಮೈ ಇನ್ನಾ ಪರೇಲದಾಗ ಕುಂತು ವಿಚಾರ ಮಾಡತಿತ್ತು.

ಆಮ್ಯಾಲ ಇದು. ಚಪ್ಪಟಿ ಮಾರಿ.
ಎಂಜಿನ್ನು ಮದರಾಸಿಂದು, ಮೈ ಮುಂಬೈದು,
ಹೊಗಿ ಎಲ್ಲಾರದು.
ಹೊಸ ರೂಟಿಗೆ ಬಿಡೂ ಮೊದಲು ಇದರೆತ್ತರದ ಬಿದಿರು ನಿಲ್ಲಿಸಿಕೊಂಡು
ಒಂದು ವ್ಯಾನು ಹೋಗತಿತ್ತು, ಸಂಗಾಟ ಕೊಡಲಿ.
ಬಿದಿರಿಗೆ ತಾಕಿದ ಟೊಂಗಿ ಕಡಿಯೂದು.
ಮಾಡೆಲ್ಲು ಬದಲಾದರ ಮೊದಲು ಗೊತ್ತಾಗತಿದ್ದದ್ದು
ಬೇವಿನ ಗಿಡಕ್ಕ, ಆಮ್ಯಾಲ ಪೇಪರಿಗೆ."

ಈಗಿನವು ಹ್ಯಾಂಗ ಅದಾವ್ರಿ?
"ಕರೆಂಟಿನವು. ಕಿಡಕಿ ತೆಗಿಯಾಕ ಬರಂಗಿಲ್ಲ."
ಅಷ್ಟಕ್ಕೇ ಬಿಟ್ಟ.

ಅಲ್ಯುಮಿನಿಯಂ ಮೊದಲು ಬಿಚ್ಚಬೇಕು, ಅದರ ದರ ಬ್ಯಾರೆ.
ಮ್ಯಾಲಿನ ಮಜಲಿಗೆ ಹತ್ತಿ ರಿವೆಟ್ ಒಡದೆ.
ಕೆಂಪು, ಕೆಂಪಿನ ಕೆಳಗ ಸಬಕಾರದ ಜಾಹೀರಾತು,
ಅದರ ಕೆಳಗ ಮತ್ತ ಕೆಂಪು.
ಮುಂದಿನ ಸೀಟಿನ ಮಗ್ಗಲಿನ ತಗಡು ಹೊಳ್ಳಿಸಿದರ
ಒಳಮೈಯಾಗ, ಬಣ್ಣಾನ ಕಾಣದ ಕಡಿ,
ಬಡಿಗ್ಯಾನ ಪೆನ್ಸಿಲ್ಲಿಲೆ ಬರದಿತ್ತು, ಕನ್ನಡದಾಗ:
ಎಡಕ್ಕ ೩ ನೂಲು ಸವರು.

"ಹತ್ತುರೆ ಮಾಮಾ, ನಿಮ್ಮ ಅಕ್ಷರ!"

ನಿಚ್ಚಣಿಕಿ ಏರಿ ಬಂದ, ಎರಡು ಕಡಿ ನಿಂತು ಉಸಿರು ತಗೊಂಡ.
ಚಾಳೀಸು ಒರಸಿ ಒರಸಿ ನೋಡಿದ.
"ನಂದಲ್ಲ. ನಾ ಮೂರರ ಬಾಲ ಇಷ್ಟು ಎಳಿಯಂಗಿಲ್ಲ."
ಸ್ಪಂಜು ಹೋದ ಸೀಟಿನಮ್ಯಾಲ ಕುಂತ.
"ಮರಾಠಿಯಾಗ ಜಗಳಾಡಿದೆ, ಹಿಂದಿಯಾಗ ನಕ್ಕೆ.
ರೂಮಿನಾಗ ಸ್ಟೋವಿಗಷ್ಟೇ ಕನ್ನಡದಾಗ ಬೈತಿದ್ದೆ.
ಇವ ಯಾರು?
ತಗಡಿನ ಶಾಪಿನಾಗ ಒಬ್ಬ ಕಾಂಬಳೆ ಇದ್ದ,
ಬೀಡಿ ಕೊಡತಿದ್ದ, ಬೆಂಕಿಪೆಟ್ಟಿಗಿ ನಂದು.
ಕಾಂಬಳೆ ಅಂದರ ಮರಾಠಿಯವ ಅಂದುಕೊಂಡೆ.
ಹತ್ತುರೆ ಅಂದರ ಮರಾಠಿಯವ ಅಂತ
ಅವನೂ ಅಂದುಕೊಂಡಿರಬೇಕು."

ಬುತ್ತಿ ಬಿಚ್ಚಿದ, ರೊಟ್ಟಿಯಾಗ ಅರ್ಧ ನನಗ ಕೊಟ್ಟ.
ಉಣ್ಣೂತನಕ ಇಬ್ಬರೂ ಮಾತಾಡಲಿಲ್ಲ.

ಮಾಲಕ ತಗಡು ತೂಗಿದ, ಮೂರೂಕಾಲು ಕಿಲೋ,
ಒಂದು ರೂಪಾಯಿ ಬಿಡಲಿಲ್ಲ.
ಬಗಲಾಗ ತಗಡು ಹಿಡಕೊಂಡು ಎಸ್.ಟಿ. ಹತ್ತಿದ ಹತ್ತುರೆ.
ಲಗೇಜ್ ತಿಕೀಟು ತಗಿ ಅಂತ ಕಂಡಕ್ಟರು, ಮರಾಠಿಯಾಗ.
ಇವ ಕನ್ನಡದಾಗ ಉತ್ತರ ಕೊಟ್ಟದ್ದು ನನಗ ಕೇಳಿತು.

ಆಮ್ಯಾಲ ಬೆಂಕಿ ಹಚ್ಚಿದೆ.
ಹಚ್ಚೂ ಮೊದಲು, ಯಾಕೋ, ಬೆರಳು ಹಾಕಿ ನೋಡಿದೆ
ತಗಡಿನ ಹಿಂದಿನ ಕಬ್ಬಿಣದ ಅಂಚು.
ಸವರಿದ್ದ, ಖರೆ. ಎಡಕ್ಕೇ.
ಮೂರಲ್ಲ, ಎರಡೂವರಿ ನೂಲು.