ಮೈಲುತುತ್ತದ ತೊಟ್ಟಿ

ಕೌಲ್ ಬಜಾರಿನ ಹಿಂದೆ, ಜೀನ್ಸಿನ ಗುಂಡಿಗಳಿಗೆ
ತಾಮ್ರ ಹಿಡಿಸುವ ಮೌಲಾಲಿಯ ಶೆಡ್ಡಿಗೆ
ನಾನು ಹೋದದ್ದು ಕೈಯಲ್ಲಿ ಒಂದು ಕಟ್ಟು ಕಪ್ಪು ಹಿಡಿದು.
ಕಾಲೇಜಿನ ಲ್ಯಾಬಿನಲ್ಲಿ ರೆಕ್ಟಿಫೈಯರ್ ಕೆಟ್ಟು ಎರಡು ತಿಂಗಳು,
ರಿಪೇರಿಯವನ ಫೋನು ಸ್ವಿಚ್ ಆಫ್.

'ಏನವ್ವ, ಚೌರಿ ತಂದೀಯಾ?'
ಕಾರ್ಬನ್ ಎಳೆ, ಅಂದೆ. ಮೂರು ಸಾವಿರ ಇವೆ ಇದರಲ್ಲಿ,
ಒಂದೊಂದೂ ನಿಮ್ಮ ಗಡ್ಡದ ಕೂದಲಿನ ಹತ್ತರಲ್ಲೊಂದು ಪಾಲು.
ಗೋರಂಟಿ ಹಚ್ಚಿದ ಗಡ್ಡ ಸವರಿಕೊಂಡ.
'ಇದ್ದಲಿಗೆ ಕರೆಂಟು ಹಿಡೀತದಾ?'

ಹಿಡಿಯಿತು.
ನವಿಲುಗೊರಳಿನ ನೀಲಿಯಲ್ಲಿ ಕಟ್ಟು ಮುಳುಗಿ
ಎದುರಿನ ತಾಮ್ರದ ತಗಡು ಸದ್ದಿಲ್ಲದೆ ಸವೆಯತೊಡಗಿತು.
ಹೊರಗೆ ಅದಿರಿನ ಲಾರಿಗಳು. ಕೆಂಪು ಧೂಳು ಬೀಳದಂತೆ
ಬಾಗಿಲಿಗೆ ರಿಜೆಕ್ಟಾದ ಪ್ಯಾಂಟುಗಳ ಪರದೆ.

ಹತ್ತು ನಿಮಿಷಕ್ಕೆ ಎದ್ದು ಬಂತು, ಹುಣಸೆಹುಳಿ ಹಚ್ಚಿ
ಆಗಷ್ಟೇ ತಿಕ್ಕಿದ ಬಿಂದಿಗೆಯ ಬಣ್ಣ!
ನಾನು ಫೋಟೊ ತೆಗೆದೆ.
ಅವನು ಕತ್ತರಿ ತೆಗೆದ.
ಅಡ್ಡ ಕತ್ತರಿಸಿ ಬೆಳಕಿಗೆ ಹಿಡಿದರೆ
ಸುತ್ತ ತಾಮ್ರ, ನಡುವೆ ಅದೇ ಕಪ್ಪು,
ಹೊರಗೆ ಕರಿದು ಒಳಗೆ ಹಿಟ್ಟು ಹಸಿಯಿದ್ದ ಮಿರ್ಚಿಯ ಹಾಗೆ.
'ಬಾಗಿಲ ಹತ್ರ ನಿಂತೋರೇ ಉಂಡರು.
ಒಳಗಿನೋರಿಗೆ ಮುಟ್ಟಿಲ್ಲ ನೋಡು.'
ನನ್ನ ಪ್ರಬಂಧದಲ್ಲಿ ಈ ಮಾತಿಗೆ ಮೂರು ಪುಟವಿತ್ತು.

ಹುಸೇನ್‌ಬಿ ಕೈ ಒರೆಸಿಕೊಳ್ಳುತ್ತ ಬಂದಳು,
ಬೆರಳಲ್ಲಿ ತಿಕ್ಕಿ ನೋಡಿದಳು:
'ಎಣ್ಣೆ ಐತಿದಕ್ಕೆ. ಎಣ್ಣೆ ತಲೆಗೆ ನೀರು ಹತ್ತತದಾ?'
ಫ್ಯಾಕ್ಟರಿಯವರು ಬಳಿದ ಅಂಟು ಅದು. ಅಸಿಟೋನಿನಲ್ಲಿ ತೊಳೆದಳು,
ಕಿಟಕಿಯ ಹಳೇ ಚೌಕಟ್ಟಿಗೆ ಅಗಲವಾಗಿ ಹರಡಿ
ಬಾಚತೊಡಗಿದಳು, ಮೂರು ಹೆಣ್ಣುಮಕ್ಕಳಿಗೆ
ಸ್ಕೂಲಿನ ಹೊತ್ತಿಗೆ ಜಡೆ ಹಾಕಿದ ಕೈ.
ಮುರಿದವು ಮುರಿದವು. ಕೆಲವು ಬೆರಳಿಗೆ ಚುಚ್ಚಿದವು.
ಉಳಿದವು ಒಂದನ್ನೊಂದು ಬಿಟ್ಟು ಮಲಗಿದವು.

ಮೌಲಾಲಿ ನಾಬು ಹಿಂದಕ್ಕೆ ತಿರುಗಿಸಿದ, ಇನ್ನೂ ಹಿಂದಕ್ಕೆ.
'ಅವಸರ ಮಾಡಿದರೆ ಸುಟ್ಟು ಕಂದತದೆ.'
ನಡುವೆ ಒಮ್ಮೆ ಕರೆಂಟು ಹೋಯಿತು.
ಚೌಕಟ್ಟನ್ನು ಎತ್ತಿ, ಎರಡು ನೀರಲ್ಲಿ ಅದ್ದಿ,
ಬರುವ ತನಕ ಬಕೆಟ್ಟಿನೊಳಗೆ ಅದನ್ನು ಹಿಡಿದೇ ಕೂತ,
ಚಹಾ ಆರಿತು.

ಸಂಜೆ ಮತ್ತೆ ಕತ್ತರಿ.
ಈ ಸಲ ನಡುಮಧ್ಯದವರೆಗೂ ತಾಮ್ರ.
ಎಲ್ಲೋ ಹತ್ತಿಪ್ಪತ್ತು ಎಳೆ ಕಪ್ಪಗೇ ಉಳಿದಿದ್ದವು;
ಅವನು ನೋಡಿದ, ನಾನು ನೋಡಿದೆ,
ಇಬ್ಬರೂ ಏನೂ ಅನ್ನಲಿಲ್ಲ.

ಬಿಲ್ಲಿನ ಪುಸ್ತಕದಲ್ಲಿ 'ಗುಂಡಿ' ಎಂದು ಅಚ್ಚಾದದ್ದಕ್ಕೆ ಗೀಟು ಹೊಡೆದು
ಬರೆದ: ಕೂದಲು, ಒಂದು ಕಟ್ಟು. ಎರಡು ಸಲ.
ಎರಡನೆಯ ಸಲಕ್ಕೆ ದುಡ್ಡು ಹಾಕಲಿಲ್ಲ.
ಹೊಸ್ತಿಲಲ್ಲಿ ಹುಸೇನ್‌ಬಿ ಪಿನ್ನು ಹಿಡಿದು
ಬಾಚಣಿಗೆಯ ಹಲ್ಲುಗಳ ಸಂದಿಯಿಂದ
ಕಪ್ಪು ಬಿಡಿಸುತ್ತಿದ್ದಳು.