ಉಬ್ಬರದ ಹಾಳೆಯ ಹಿಂಬದಿ

ಹುಬ್ಬಳ್ಳಿಯಿಂದ ಫೋನು. ನಾಳೆ ನಾಲ್ಕು ಜನ,
ಎರಡು ಗಾಡಿ, ಊಟ ಬೇಡ,
ರಸ್ತೆ ಇರಬಾರದು, ಅಷ್ಟೇ.
ಜೊತೆಗೆ ಯಾರು ಬರ್ತಾರೆ ಅಂದರು. ನಾನೇ ಅಂದೆ.
ಸ್ವಲ್ಪ ಹೊತ್ತು ಫೋನಿನಲ್ಲಿ ಬರೀ ಗಾಳಿ.

ರಸ್ತೆ ಇಲ್ಲದ ಕಡೆ ಹೋಗಲು
ರಾತ್ರಿ ಹನ್ನೊಂದರ ತನಕ ದಾರಿ ಹುಡುಕುತ್ತಿದ್ದೇನೆ
ಸದಾಶಿವಗಡದ ತಗಡಿನ ಶೆಡ್ಡಿನಲ್ಲಿ,
ಉಬ್ಬರ ಇಳಿತದ ಹಾಳೆಯನ್ನು ಬೋರಲು ಹಾಕಿ
ಅದರ ಬೆನ್ನ ಮೇಲೆ ಪೆನ್ಸಿಲ್ ಊರಿ.

ತಿಳಮಾತಿ ಎಂದು ಬರೆದು ಅಳಿಸಿದೆ.
ಎಳ್ಳು ಚೆಲ್ಲಿದಂಥ ಆ ಕಪ್ಪು ಮರಳು ಫೋಟೋಕ್ಕೆ ಚಂದ.
ಏರ್ ಫಿಲ್ಟರ್ ಹೊಕ್ಕರೆ ಮೂರು ದಿನ ತೊಳೆದರೂ
ಎಂಜಿನ್ನು ಕೆಮ್ಮುವುದು ಬಿಡುವುದಿಲ್ಲ.
ಮಾಜಾಳಿಯಿಂದ ಗುಡ್ಡ ದಾಟುವ ಕಾಲುದಾರಿಯೋ,
ಕಾಲಿಗೇ ಸಾಲದು.

ದೇವಬಾಗದ ಮರಳು ಗಟ್ಟಿ,
ಇಳಿತದ ಹೊತ್ತಿಗೆ ಗಾರೆ ಹಾಕಿದ ಅಂಗಳ.
ಆದರೆ ಇದು ಜನವರಿ.
ಉಮಾಕಾಂತ ಹರಿಕಂತ್ರ ನಿನ್ನೆ ನಸುಕಿಗೆ
ಬಿದಿರ ಕಡ್ಡಿ ನೆಟ್ಟು ಹಳೆ ಬಲೆ ಸುತ್ತಿ ಬಂದಿದ್ದಾನೆ,
ನೂರ ಹದಿನಾಲ್ಕು ಮೊಟ್ಟೆಗೆ ಕಾವಲು.
"ಆಮೆ ಯಾರನ್ನೂ ಕೇಳಿ ಬರಲಿಲ್ಲ,
ನೀನಾದರೂ ಕೇಳಿ ಹೋಗು ಮಾರಾಯ್ತಿ."
ಕೇಳಿದೆ. ಬೇಡ ಅಂದ.

ಕಾಳಿ ದಂಡೆಯ ಗಜನಿ: ಕೊಯ್ಲು ಮುಗಿದಿದೆ,
ಕೆಸರೆಂದರೆ ಕೆಸರು, ನಾಲ್ಕು ಗಾಲಿಗೆ ಹಬ್ಬ.
ಒಡ್ಡು ಮಾತ್ರ ಮಣ್ಣಿನದು.
ಒಂದು ಗಾಲಿ ಕಚ್ಚಿ ಕುಸಿದರೆ ಮತ್ತೆ ಕಟ್ಟಲು
ಇಡೀ ಕೇರಿ ಬುಟ್ಟಿ ಹೊರಬೇಕು.
ನನ್ನ ಅವ್ವನ ನೆತ್ತಿಯಲ್ಲಿ ಕೂದಲು ಯಾಕಿಲ್ಲ
ನನಗೆ ಗೊತ್ತು.

ಅಣಶಿ ಘಟ್ಟವೇ? ಕಾಡಿನ ಕಚೇರಿಗೆ ಅರ್ಜಿ ಬರೆದು
ಉತ್ತರ ಬರುವಷ್ಟರಲ್ಲಿ ಮಳೆಗಾಲ.

ಹಾಳೆಯ ತುಂಬ ಅಡ್ಡಗೆರೆಗಳು.
ಆಗ ಮಾವ ಬಂದರು, ಬೆಂಕಿಪೆಟ್ಟಿಗೆಗೆ.
ಬೀಡಿ ಹಚ್ಚುವುದು ಮರೆತು ಹಾಳೆಗೆ ಬಗ್ಗಿದರು.
ಗೆರೆಯೇ ಇಲ್ಲದ ಕಡೆ ಬೆರಳಿಟ್ಟು
ಇಲ್ಲಿ ಏರು, ಅಂದರು,
ಹಲಸಿನ ಮರದ ಹತ್ತಿರ ಬಲಕ್ಕೆ,
ಇಲ್ಲಿ ತೊರೆ, ಎತ್ತುಗಳು ನಿಂತೇ ನಿಲ್ಲುತ್ತಿದ್ದವು,
ಬೈದರೂ ನೀರು ಕುಡಿಯದೆ ಹೊರಡುತ್ತಿರಲಿಲ್ಲ.
ಅಂಥ ದಾರಿ ನಿನ್ನ ಗಾಡಿ ಕಂಡಿರಲಿಕ್ಕಿಲ್ಲ.

ಕಂಡಿಲ್ಲ. ಅಲ್ಲೀಗ ನೌಕಾನೆಲೆಯ ತಂತಿಬೇಲಿ.
ಅದನ್ನು ನಾನು ಹೇಳಲಿಲ್ಲ; ಊರು ಬಿಡುವ ಕಾಗದಕ್ಕೆ
ಹೆಬ್ಬೆಟ್ಟು ಒತ್ತಿದ್ದು ಅದೇ ಕೈ.
ಹಾಳೆಯ ಮೇಲೆ ಬೆರಳಿನ ಎಣ್ಣೆ ಉಳಿಯಿತು,
ದೀಪಕ್ಕೆ ಹಿಡಿದರೆ ಮಾತ್ರ ಕಾಣುವ ಕಲೆ.

ಕೊನೆಗೆ ಬೊಮ್ಮು ಗೌಡರ ಬೇಣ, ಅದರ ಹಿಂದಿನ
ಬಿಟ್ಟುಹೋದ ಚಿರೆಕಲ್ಲಿನ ಗಣಿ.
ಗಾಡಿಗೆ ಇನ್ನೂರು, ದನ ದಾಟುವಾಗ ಎಂಜಿನ್ ಬಂದ್,
ಗೇಟು ಹಾಕಿ ಬರುವುದು: ಅವರ ಮೂರು ಮಾತು.
ಮುಂದೆ ನಾನು, ಮೂರನೇ ಗಾಡಿಯಲ್ಲಿ.
ಹಗ್ಗ, ಎರಡು ಪ್ಲಗ್ಗು, ಪಂಕ್ಚರ್ ಅಂಟು,
ವಾಂತಿ ಮಾತ್ರೆ, ಹನ್ನೆರಡು ಲೀಟರ್ ಪೆಟ್ರೋಲು.

ಗಣಿಯ ನೆತ್ತಿಯಿಂದ ದಕ್ಷಿಣಕ್ಕೆ ಏನು ಕಾಣುತ್ತೆ
ಎಂದು ಕೇಳಿದರು ಮಾವ, ಬಾಗಿಲಲ್ಲೇ ನಿಂತು.
ಕಡಲು ಕಾಣುತ್ತೆ, ಅಂದೆ.
ಕಡಲು ಬಿಟ್ಟು?

ಬೆಳಗ್ಗೆ ಐದೂವರೆ. ಸ್ನಾನ ಮಾಡಿ,
ಬಿಳಿ ಅಂಗಿ ಹಾಕಿ, ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದಾರೆ.
ಹೆಲ್ಮೆಟ್ಟು ಅವರ ತಲೆಗೆ ದೊಡ್ಡದು.
ಟವೆಲ್ ಮಡಚಿ ಒಳಗಿಟ್ಟೆ.